ಏರು ಕಂಡರೆ ಯೋಚಿಸುವ ಕಾರು

ಕೆಲವರ ಮನೆಗೆ ನೆಂಟರು ಹೇಳದೆ ಕೇಳದೆ ಬರುತ್ತಾರೆ. ನಮ್ಮ ಮನೆಗೆ ಕಾರಿನ ಫಜೀತಿ ಬರುತ್ತದೆ. ಪುಣೆಯ ಕಾತ್ರಜದಲ್ಲಿ ನಮ್ಮ ವಾಸ, ಕಾರು ಓಡಿಸುವವಳು ನಾನು. ನಮ್ಮವರಿಗೆ ಡ್ರೈವಿಂಗ್ ಬರುವುದಿಲ್ಲ, ಪಕ್ಕದಲ್ಲಿ ಕೂತು ಇಲ್ಲದ ಬ್ರೇಕ್ ಒತ್ತುವುದು ಮಾತ್ರ ಬರುತ್ತದೆ. ಏರು ಬಂದಾಗ ಆಕ್ಸಿಲರೇಟರ್ ಒತ್ತಿದರೆ ಈ ಕಾರು ತಕ್ಷಣ ಹೋಗದು. ಏನು ಕೇಳಿದರೂ "ನೋಡೂಣಂತ" ಎನ್ನುವ ನಮ್ಮ ಮಾವನವರ ಹಾಗೆ ಸ್ವಲ್ಪ ಯೋಚಿಸಿ, ಆಮೇಲೆ ಮುಗ್ಗರಿಸಿ ಹೊರಡುತ್ತದೆ. ಇವತ್ತಿಗೂ ಹಾಗೇ ಇದೆ.

೧. ಸಾಹೇಬರನ್ನೇ ಕೇಳೋಣ

ಶೋರೂಮಿನ ಸರ್ವಿಸ್ ಅಡ್ವೈಸರ್ ನನ್ನನ್ನು ಬಿಟ್ಟು ನಮ್ಮವರನ್ನು ಮರಾಠಿಯಲ್ಲಿ ಕೇಳಿದ, "ಸರ್, ಏನು ತೊಂದರೆ?" ನಮ್ಮವರು ನನ್ನತ್ತ ತಿರುಗಿ, "ಏನ್ ತ್ರಾಸ ಅದ ಅಂತ ಕೇಳಾಕತ್ತಾನ" ಎಂದರು. ನಾನು ಮರಾಠಿಯಲ್ಲೇ ಎಲ್ಲ ವಿವರಿಸಿದೆ. ಅವನು ತಲೆಯಾಡಿಸಿ ಮತ್ತೆ ನಮ್ಮವರನ್ನೇ ಕೇಳಿದ, "ಸರ್, ಗಾಡಿ ಏರು ಹತ್ತುವಾಗ ನಿಮಗೆ ಏನನ್ನಿಸುತ್ತೆ?"

ನಮ್ಮವರು ಪ್ರಾಮಾಣಿಕರು. "ನಿದ್ದೆ ಬರುತ್ತೆ" ಎಂದರು.

೨. ತೊಳೆದು ಕೊಟ್ಟರು

ಸಂಜೆ ಅಡ್ವೈಸರ್ ತೀರ್ಪು ಕೊಟ್ಟ: "ಕಂಪ್ಯೂಟರಿನಲ್ಲಿ ಏನೂ ತೋರಿಸ್ತಿಲ್ಲ. ಮ್ಯಾಡಮ್‌ಗೆ ಕ್ಲಚ್ ಮೇಲೆ ಕಾಲಿಡೋ ಅಭ್ಯಾಸ ಇರಬೇಕು."

ನನಗೆ ಮೈಯೆಲ್ಲ ಉರಿದುಹೋಯಿತು. ಮದುವೆಗೆ ಮುಂಚಿನಿಂದ ಗಾಡಿ ಓಡಿಸುತ್ತಿದ್ದೇನೆ, ಒಂದು ಗೀರು ಬಿದ್ದಿಲ್ಲ. ನಮ್ಮವರು ಸುಮ್ಮನಿರದೆ ಧಾರವಾಡದ ನನ್ನ ಅತ್ತೆಮನೆಗೆ ಫೋನು ಮಾಡಿ ಇದನ್ನು ಬಿತ್ತರಿಸಿದರು. "ವೈನಿ ಗಾಡ್ಯಾಗ ನಾ ಒಲ್ಲೆ ಅಣ್ಣಾ, ಬಸ್ಸಿಗೇ ಬರತೇನಿ" ಅಂದಳಂತೆ, ರಜೆಗೆ ನಮ್ಮಲ್ಲಿಗೆ ಬರಬೇಕಿದ್ದ ನಾದಿನಿ. ದೋಷ ಗಾಡಿಯದು, ನನ್ನ ಕೈಯದಲ್ಲ ಎಂದು ತೋರಿಸದೆ ಬಿಡಬಾರದೆಂದು ಆವತ್ತೇ ನಿಶ್ಚಯಿಸಿದೆ.

ಒಂದು ಮಾತು ಹೇಳಬೇಕು, ಹೋದಾಗಲೆಲ್ಲ ಕಾರನ್ನು ಚೆನ್ನಾಗಿ ತೊಳೆದು ಕೊಡುತ್ತಿದ್ದರು. ಕೆಳಗಿನ ಮನೆಯ ಮರಾಠಿ ಕಾಕೂ ಆ ಹೊಳಪು ನೋಡಿ, "ಅಗಬಾಯಿ, ಎಷ್ಟು ಚಂದ ರಿಪೇರಿ ಮಾಡ್ತಾರೆ!" ಎಂದು ಸರಿಯಾಗಿಯೇ ಇದ್ದ ತಮ್ಮ ಕಾರನ್ನೂ ಅಲ್ಲಿಗೆ ಕಳಿಸಿದರು.

೩. ವಿಡಿಯೋ ಸಾಕ್ಷಿ

"ತೊಂದರೆ ಆಗುವಾಗ ವಿಡಿಯೋ ತೆಗೆದು ತನ್ನಿ" ಎಂದ ಅಡ್ವೈಸರ್. ಕಾತ್ರಜ ಘಾಟಿನಲ್ಲಿ ನಾನು ಓಡಿಸಿದೆ, ನಮ್ಮವರು ಫೋನು ಹಿಡಿದರು. ಕಾರು ಮನಸಾರೆ ಮುಗ್ಗರಿಸಿತು. ಶೋರೂಮಿಗೆ ಹೋಗಿ ವಿಡಿಯೋ ಹಾಕಿದರೆ ಉದ್ದಕ್ಕೂ ನಮ್ಮವರ ಮುಖ! ಸೆಲ್ಫಿ ಕ್ಯಾಮೆರಾ ಆನ್ ಆಗಿತ್ತು.

ಅಡ್ವೈಸರ್ ಕಣ್ಣು ಕಿರಿದು ಮಾಡಿ ಪೂರ್ತಿ ನೋಡಿದ. "ಸರ್ ಜರ್ಕ್ ಹೊಡೀತಿದ್ದಾರೆ, ನಿಜ. ಗಾಡಿಯದು ಕಾಣಿಸ್ತಿಲ್ಲ."

೪. ಮ್ಯಾನೇಜರರ ಕೈಗುಣ

ಮುಂದಿನ ಸಲ ಕೌಂಟರಿನೆದುರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟೆ. ಮ್ಯಾನೇಜರರೇ ಹೊರಬಂದರು. "ನಡೀರಿ, ನಾನೇ ಓಡಿಸಿ ತೋರಿಸ್ತೀನಿ. ಕೈ ಸರಿಯಿದ್ರೆ ಗಾಡಿ ನೀರು ಹರಿದ ಹಾಗೆ ಹೋಗುತ್ತೆ" ಎಂದು ಸ್ಟೀರಿಂಗ್ ಹಿಡಿದರು. ನಾನು ಪಕ್ಕದಲ್ಲಿ, ನಮ್ಮವರು ಹಿಂದೆ.

ಕಾರು ನಿಜಕ್ಕೂ ನೀರು ಹರಿದ ಹಾಗೆ ಹೋಯಿತು. ಹಿಂದಿನಿಂದ ನಮ್ಮವರು, "ಭಾಳ ಛಲೋ ಓಡಸ್ತಾರ ನೋಡು" ಎಂದಾಗ ನನಗೆ ಅಳು ಬರುವುದೊಂದು ಬಾಕಿ.

ಅಷ್ಟರಲ್ಲಿ ಚೌಕ ಬಂತು. ಹಸಿರು ದೀಪ, ಮುಂದೆ ಸಣ್ಣ ಏರು. ಮ್ಯಾನೇಜರ್ ಆಕ್ಸಿಲರೇಟರ್ ಒತ್ತಿದರು. ಕಾರು ಯೋಚಿಸಿತು, ಮುಗ್ಗರಿಸಿತು, ನಡು ಚೌಕದಲ್ಲಿ ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದರು, ಮತ್ತೆ ಅದೇ ಕಥೆ. ಹಿಂದೆ ಹಾರ್ನುಗಳ ಮೇಳ. ನನಗೋ ಹಬ್ಬ!

ಟ್ರಾಫಿಕ್ ಪೊಲೀಸ್ ಬಂದು ಗಾಜು ಬಡಿದ. ಬೆವರುತ್ತಿದ್ದ ಮ್ಯಾನೇಜರರನ್ನು ನೋಡಿದ, ಕೈಕಟ್ಟಿ ಕೂತ ನನ್ನನ್ನು ನೋಡಿದ. ಆಮೇಲೆ ಬೈದದ್ದು ನನ್ನನ್ನೇ: "ಕಾಯ್ ಮ್ಯಾಡಮ್! ಡ್ರೈವಿಂಗ್ ಕಲಿಸೋದಾದ್ರೆ ಖಾಲಿ ಮೈದಾನದಲ್ಲಿ ಕಲಿಸಿ. ಇಂಥ ಹೊಸಬರನ್ನ ಚೌಕಕ್ಕೆ ಯಾಕೆ ತರ್ತೀರಿ?"

ಮ್ಯಾನೇಜರ್ ಬಾಯಿ ತೆರೆಯುವ ಮೊದಲೇ ನಾನು ಕೈಮುಗಿದೆ.

"ತಪ್ಪಾಯ್ತು ಸಾಹೇಬ. ಇವರದು ಇವತ್ತು ಮೊದಲನೇ ದಿನ."