ಸೋದರಮಾವನನ್ನು ಹನ್ನೆರಡನೆಯವನನ್ನಾಗಿ ಮಾಡಿದ ಕಪ್ಪು ಪರದೆಯವರಿಗೆ

ಬನಹಟ್ಟಿ
ಗುರುವಾರ

ಮಾನ್ಯರೇ,

ನನ್ನ ಅಕ್ಷರ ಕೋಳಿ ಕೆದರಿದಂತಿರುವುದಕ್ಕೂ ಒತ್ತಕ್ಷರಗಳು ಅಲ್ಲಲ್ಲಿ ದಾರಿ ತಪ್ಪಿರುವುದಕ್ಕೂ ಮೊದಲೇ ಕ್ಷಮೆ ಕೇಳಿ, ತಮ್ಮ ಮಿಣುಕುವ ಬಿಳಿ ಗೆರೆಗೆ ಶಿರಬಾಗಿ ನಮಸ್ಕರಿಸುತ್ತೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆ, ಆಮೇಲೆ ಕೈ ಒಗ್ಗಿದ್ದು ಮಗ್ಗದ ಲಾಳಿಗೆ. ಈ ಪತ್ರವನ್ನು ತಮ್ಮ ಪರದೆಯ ಮೇಲೆ ಒತ್ತದೆ ಕಾಗದದ ಮೇಲೆ ಬರೆಯುತ್ತಿರುವುದಕ್ಕೆ ಕಾರಣವಿದೆ: ಕಾಗದದಲ್ಲಿ ಒಂದು ಚುಕ್ಕೆ ಬಿಟ್ಟುಹೋದರೆ ಓದುವವರು ಸಾವರಿಸಿಕೊಂಡು ಓದುತ್ತಾರೆ, ತಮ್ಮ ಸನ್ನಿಧಿಯಲ್ಲಿ ಚುಕ್ಕೆ ಬಿಟ್ಟರೆ ಅಂಥ ಫೈಲೇ ಲೋಕದಲ್ಲಿಲ್ಲ ಎಂಬ ಉತ್ತರ ಬರುತ್ತದೆ.

ತಾವು ನಮ್ಮ ಮನೆಗೆ ದಯಮಾಡಿಸಿದ್ದು ನನ್ನ ದೊಡ್ಡವ್ವನ ಮಗ ಶಿವಾಜಿಯ ಕೃಪೆಯಿಂದ. ಅವನು ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತ. ತನ್ನ ಹಳೆಯ ಕಂಪ್ಯೂಟರ್ ನನಗೆ ಕೊಟ್ಟು, ಒಳಗೆ ವಿಡಿಯೋ ಜೋಡಿಸುವ ಸಾಫ್ಟ್‌ವೇರ್ ಆದ ತಮ್ಮನ್ನು ಕೂರಿಸಿ, "ಇದು ಯಾರಪ್ಪಂದೂ ಅಲ್ಲ, ಎಲ್ಲಾರದೂ. ಫುಕಟ್ ಐತಿ, ಆದ್ರ ಕಳುವಿನ ಮಾಲಲ್ಲ, ಅಂಜಬ್ಯಾಡ" ಎಂದು ಹೇಳಿ, ನನ್ನ ತಂಗಿ ಪ್ರತಿಮಾಳ ಮದುವೆಯ ಚಿತ್ರಗಳನ್ನು ಡಿವಿಡಿಗೆ ಇಳಿಸಲು ಬೇಕಾದ ಹನ್ನೊಂದು ಸಾಲು ಕಮಾಂಡುಗಳನ್ನು ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದುಕೊಟ್ಟು ಹೋದನು. ಆ ಹಾಳೆಯನ್ನು ನಾನು ಕಂಪ್ಯೂಟರಿನ ಮೇಲಿನ ಗೋಡೆಗೆ ದೇವರ ಪಟದ ಪಕ್ಕದಲ್ಲೇ ಅಂಟಿಸಿದೆ.

ತಮ್ಮ ನಿಧಾನವನ್ನು ದೂರುವಷ್ಟು ಅವಿವೇಕಿ ನಾನಲ್ಲ. ಒಂದು ಸಾಲು ಕಮಾಂಡು ನುಂಗಿ ತಾವು ಧ್ಯಾನಕ್ಕೆ ಕುಳಿತರೆ ನಾನು ಅರ್ಧ ಸೀರೆ ನೇಯ್ದು ಬರುತ್ತಿದ್ದೆ, ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು, ನಾವಿಬ್ಬರೂ ಮೊದಲಿನಿಂದ ಶುರುಮಾಡುತ್ತಿದ್ದೆವು. ಹೀಗೆ ತಾವು ಮದುವೆಯನ್ನು ಅರಗಿಸಿಕೊಳ್ಳುವಷ್ಟರಲ್ಲಿ ಮದುಮಗಳು ಏಳು ತಿಂಗಳ ಬಸುರಿಯಾದಳು. ಕೊನೆಗೊಂದು ದಿನ ತಾವು ಏನೂ ಹೇಳದೆ ಸುಮ್ಮನಾದಿರಿ. ಏನೂ ಹೇಳದಿದ್ದರೆ ಎಲ್ಲ ಸುಸೂತ್ರವಾಗಿದೆ ಎಂದು ತಿಳಿಯಬೇಕು ಎಂದು ಶಿವಾಜಿ ಹೇಳಿದ್ದನು. ತಮ್ಮ ಮೌನಕ್ಕೆ ಆ ಅರ್ಥವಿರಬಹುದು, ಚಿಮ್ಮಡದ ನನ್ನ ಸೋದರಮಾವನ ಮೌನಕ್ಕೆ ಅದರ ಉಲ್ಟಾ ಅರ್ಥವಿದೆ ಎಂಬುದೇ ಈ ಪತ್ರದ ಸಾರಾಂಶ.

ತಾವು ಮದುವೆಯ ಊಟ ಉಂಡವರಲ್ಲವಾದ್ದರಿಂದ ವಿವರಿಸುತ್ತೇನೆ. ನಮ್ಮಲ್ಲಿ ಆಯೇರ ಎಂದರೆ ಬಂದವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆದು ಬಟ್ಟೆ ಕೊಟ್ಟು ಮರ್ಯಾದೆ ಮಾಡುವುದು. ಯಾರಿಗೆ ಏನು ಕೊಟ್ಟರು ಎಂಬುದನ್ನು ಮಂದಿ ಮರೆಯಬಹುದು, ಯಾರಾದ ಮೇಲೆ ಯಾರನ್ನು ಕರೆದರು ಎಂಬುದನ್ನು ಮೊಮ್ಮಕ್ಕಳವರೆಗೆ ಮರೆಯುವುದಿಲ್ಲ. ಅದಕ್ಕೇ ನಾನು ಒಂದೊಂದು ಆಯೇರವನ್ನೂ ಬೇರೆಬೇರೆ ವಿಡಿಯೋ ತೆಗೆದು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ತಾವು ಅದೇ ಸಾಲಿನಲ್ಲಿ ಜೋಡಿಸಲೆಂದು ಫೈಲುಗಳಿಗೆ ನಂಬರು ಕೊಟ್ಟಿದ್ದೆ. ಒಂದು, ದೇವರ ಕಲಶ. ಎರಡು, ಅವ್ವನ ಒಬ್ಬನೇ ತಮ್ಮ ಮುದಕಪ್ಪ ಮಾವ, ಕೆಂಪು ಅಂಚಿನ ರುಮಾಲು. ಮೂರರಿಂದ ಒಂಬತ್ತು ಬೀಗರು. ಹತ್ತರಿಂದ ಹತ್ತೊಂಬತ್ತು ದುಡಿದವರು: ಸ್ಪೀಕರ್ ಹಚ್ಚಿದ ಗಿರಮಲ್ಲಪ್ಪ, ಅಡಿಗೆಯವನು, ಕುರ್ಚಿ ತಂದವನು, ನೀರಿನ ಟ್ಯಾಂಕರಿನವನು ಇತ್ಯಾದಿ. ಉಳಿದ ನಾಲ್ಕು ಓಣಿಯವರು. ಡಿವಿಡಿಗೆ ಇಳಿಸಿದ ಮೇಲೆ ಹಾಕಿ ನೋಡಿದೆ, ದೇವರು ಮೊದಲು ಬಂದನು, ಕರೆಂಟು ಹೋಯಿತು. ದೇವರು ಸರಿಯಾಗಿ ಬಂದ ಮೇಲೆ ಮನುಷ್ಯರು ತಪ್ಪುವುದುಂಟೇ ಎಂದು ನಂಬಿ ಚಿಮ್ಮಡದ ಬಸ್ಸು ಹತ್ತಿದೆ.

ಮಾವ ಅದೇ ರುಮಾಲು ಸುತ್ತಿಕೊಂಡು, ಓಣಿಯವರನ್ನೆಲ್ಲ ಕರೆದು ಟಿವಿಯ ಮುಂದೆ ಕೂರಿಸಿದ್ದನು. ನನಗೆ ನಾಲ್ಕು ಮಂದಿಯ ಮುಂದೆ ಕೂತು ರೂಢಿಯಿಲ್ಲವಾದ್ದರಿಂದ ಜೋಳದ ಚೀಲದ ಮರೆಗೆ ಹೋದೆ. ಕಲಶ ಬಂತು, ಎಲ್ಲರೂ ಕೈ ಮುಗಿದರು. "ಈಗ ನೋಡ್ರಿ, ದೇವರಾದ ಮ್ಯಾಲ ನಾನ" ಎಂದು ಮಾವ ಮೀಸೆ ತೀಡಿಕೊಂಡನು. ಬಂದವನು ಸ್ಪೀಕರ್ ಗಿರಮಲ್ಲಪ್ಪ. ಅವನ ಹಿಂದೆ ಅಡಿಗೆಯವನು, ಅವನ ಹಿಂದೆ ಕುರ್ಚಿಯವನು. ಪಕ್ಕದ ಮನೆಯ ಹೊಳೆಪ್ಪನಿಗೆ ಇಂಥ ಗಳಿಗೆಗಳು ಬಹಳ ಇಷ್ಟ. "ಮುದಕಪ್ಪಣ್ಣ, ಅಡಗಿಯವ ಸೈತ ಬಂದು ಹ್ವಾದ, ನೀ ಎಲ್ಲಿ ಅದೀಯೋ? ಪಾತ್ರಿ ತೊಳ್ಯಾಕ ಕುಂತಿದ್ದೇನು?" ಎಂದು ಕೇಳಿದನು. ಮಾವ ಹನ್ನೆರಡನೆಯವನಾಗಿ ಬಂದಾಗ ನೋಡಲು ಮಾವನೇ ಅಲ್ಲಿರಲಿಲ್ಲ, ಹಿತ್ತಿಲಿಗೆ ಎದ್ದುಹೋಗಿದ್ದನು.

ಮರುದಿನ ಚಿಮ್ಮಡದ ಆಟೋದಲ್ಲಿ ರುಮಾಲು ಪೇಪರಿನಲ್ಲಿ ಸುತ್ತಿ ವಾಪಸು ಬಂತು, ಜೊತೆಗೆ ಆಟೋದವನ ಬಾಯಲ್ಲಿ ಒಂದು ಮಾತೂ ಬಂತು: "ನಮ್ಮಕ್ಕಗ ನನಗಿಂತ ಮೊದಲ ಹತ್ತು ಮಂದಿ ತಮ್ಮಂದಿರು ಅದಾರಂತ, ಕುಬಸಕ್ಕ ಅವರನ್ನ ಕರಸಂತ ಹೇಳು." ತಂಗಿಯ ಕುಬಸ, ಅಂದರೆ ಸೀಮಂತ, ಬರುವ ಸೋಮವಾರ. ನಮ್ಮ ಮನೆತನದಲ್ಲಿ ಬಸುರಿಗೆ ಹಸಿರು ಸೀರೆ ಸೋದರಮಾವನ ಕೈಯಿಂದಲೇ ಬರಬೇಕು, ಅವನು ಬಾರದಿದ್ದರೆ ಅವ್ವನಿಗೆ ತವರು ಮುಗಿದಂತೆ. ನನ್ನ ಅವ್ವ ಶಂಕ್ರೆವ್ವ ಆ ರುಮಾಲನ್ನು ತಾವಿರುವ ಕಂಪ್ಯೂಟರಿನ ಮೇಲೆಯೇ ಇಟ್ಟು, ಒಂಬತ್ತು ದಿನ ನನ್ನೊಂದಿಗೆ ಮಾತು ಬಿಟ್ಟಳು. ಆ ದಿನಗಳಲ್ಲಿ ಮನೆಗೆ ಬಂದು ನಕ್ಕವನು ಗಿರಮಲ್ಲಪ್ಪ ಒಬ್ಬನೇ. ದೇವರಾದ ಮೇಲೆ ತಾನು ಎಂಬುದು ಹೇಗೋ ಅವನ ಕಿವಿಗೆ ಬಿದ್ದು, ಒಂದು ಕಾಪಿ ಕೇಳಿಕೊಂಡು ಬಂದಿದ್ದನು.

ಶಿವಾಜಿಗೆ ಫೋನು ಮಾಡಿದೆ. "ಅದು ಎಣಸೂದಿಲ್ಲೋ ದುರಗೇಶ, ಮೊದಲನೇ ಅಂಕಿ ಅಷ್ಟ ನೋಡತೈತಿ. ಒಂದರಿಂದ ಸುರು ಆಗೂವೆಲ್ಲಾ ಮುಂದ, ಆಮ್ಯಾಲ ಎರಡು. ಒಂಟಿ ಅಂಕಿಗೆಲ್ಲಾ ಮೊದಲ ಒಂದು ಸೊನ್ನಿ ಹಚ್ಚು" ಎಂದನು. ಮಾನ್ಯರೇ, ಇದನ್ನು ಕೇಳಿ ತಮ್ಮ ಮೇಲಿನ ಗೌರವ ಇಮ್ಮಡಿಯಾಯಿತು. ಲೋಕವೆಲ್ಲ ತಮ್ಮನ್ನು ಬಹಳ ಜಾಣರೆನ್ನುತ್ತದೆ. ಒಂದಾದ ಮೇಲೆ ಎರಡು ಎಂಬುದನ್ನು ನಮ್ಮ ಸಾಲಿಯಲ್ಲಿ ಒಂದನೇ ಇಯತ್ತೆಯಲ್ಲೇ ಕಿವಿ ಹಿಂಡಿ ಕಲಿಸುತ್ತಿದ್ದರು. ತಮಗೆ ಕಿವಿ ಇಲ್ಲದ್ದರಿಂದ ಕಲಿಕೆ ಅರ್ಧಕ್ಕೆ ನಿಂತಿರಬಹುದು. ತಾವು ಒಪ್ಪಿದರೆ ನಮ್ಮ ಮಾಸ್ತರರಲ್ಲಿ ಒಂದು ಮಾತು ಹೇಳುತ್ತೇನೆ, ಹಿಂದಿನ ಬೆಂಚಿನಲ್ಲಿ ನಾನು ಕೂರುತ್ತಿದ್ದ ಜಾಗ ಇನ್ನೂ ಇದೆ.

ತಮ್ಮ ಪದ್ಧತಿಯಂತೆ ಒಂದರಿಂದ ಒಂಬತ್ತರವರೆಗೆ ಎಲ್ಲರಿಗೂ ಸೊನ್ನೆ ಹಚ್ಚಿದೆ. ದೇವರಿಗೂ ಹಚ್ಚಬೇಕಾಯಿತು. ಅದೇ ಹೆಸರಿನ ಹಳೆಯ ಫೈಲೊಂದಿದೆ, ಅಳಿಸಲೇ ಎಂದು ತಾವು ಕೇಳಿದಿರಿ. ಇಷ್ಟು ದಿನದಲ್ಲಿ ತಾವು ವಿನಯದಿಂದ ಕೇಳಿದ ಪ್ರಶ್ನೆ ಅದೊಂದೇ, ಅದೂ ನಾಶ ಮಾಡಲು. ಹೂಂ ಎಂದೆ.

ಹೊಸ ಡಿವಿಡಿಯಲ್ಲಿ ಮಾವ ಎರಡನೆಯವನಾಗಿಯೇ ಬಂದನು, ಆದರೆ ಟಿವಿಯ ಅಗಲಕ್ಕೆ ತಕ್ಕಂತೆ ತಾವು ಎಲ್ಲರನ್ನೂ ಎರಡೂ ಕಡೆಯಿಂದ ಎಳೆದಿದ್ದಿರಿ. ತಂಗಿಯ ಮುಖ ರೊಟ್ಟಿಯಾಗಿತ್ತು, ಮಾವನ ರುಮಾಲು ಬಂಡಿಯ ಗಾಲಿಯಾಗಿತ್ತು. ತಿದ್ದಲು ದಿನ ಉಳಿದಿರಲಿಲ್ಲ. ಅವ್ವ ಅಂದು ಮೊದಲ ಸಲ ಬಾಯಿ ಬಿಟ್ಟು, "ನಾ ಒಯ್ದರ ಸೋತಂಗ ಆಕ್ಕೈತಿ. ನೀನ ಒಯ್ಯಿ. ನಿನಗ ಮಾತ ಬರಂಗಿಲ್ಲ, ಅದ ಛಲೋ" ಎಂದು ರುಮಾಲನ್ನು ನನ್ನ ಕೈಗೆ ಕೊಟ್ಟಳು.

ನಿನ್ನೆ ಹೋದೆ. ಮಾವ ಮಾತಾಡಲಿಲ್ಲ, ನಾನಂತೂ ಆಡುವವನಲ್ಲ, ಡಿವಿಡಿ ಹಾಕಿ ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಕರೆಯದಿದ್ದರೂ ಹೊಳೆಪ್ಪ ಬಾಗಿಲಲ್ಲಿ ನಿಂತಿದ್ದನು. ಕಲಶ ಹೋಯಿತು, ಮಾವ ಬಂದನು. "ಆತು, ಬಂದ್ಯಲ್ಲೋ ಮಾರಾಯಾ" ಎಂದು ಹೊಳೆಪ್ಪ ನಿರಾಸೆಯಿಂದ ಹೊರಟುಹೋದನು. ಮಾವ ಪರದೆಯ ತುಂಬ ಹರಡಿದ್ದ ತನ್ನನ್ನೇ ಬಹಳ ಹೊತ್ತು ನೋಡಿ, "ನನ್ನ ಎದಿ ಖರೆನ ಇಷ್ಟ ಅಗಲ ಐತೇನಲೇ?" ಎಂದು ಕೇಳಿದನು. ಹೂಂ ಎಂದೆ. ಅಂದು ನಾನಾಡಿದ್ದು ಅದೊಂದೇ ಮಾತು, ಅದೂ ಸುಳ್ಳು. ಅವನು ನನ್ನ ತೊಡೆಯ ಮೇಲಿನ ರುಮಾಲನ್ನು ಎತ್ತಿಕೊಂಡು, ಮುಖ ಆಚೆ ತಿರುಗಿಸಿ, "ಸೋಮವಾರ ಎಷ್ಟ ಗಂಟೇಕ್ಕ?" ಎಂದನು.

ಆದ್ದರಿಂದ ತಮ್ಮಲ್ಲಿ ಕೊನೆಯ ವಿನಂತಿ: ತಂಗಿಯ ಮುಖವನ್ನು ಮೊದಲಿನಂತೆ ಗುಂಡಗೆ ಮಾಡಿಕೊಡಿ, ಮಾವನನ್ನು ಮಾತ್ರ ಇದ್ದಷ್ಟೇ ಅಗಲ ಬಿಡಿ.

ಇಂತು ತಮ್ಮ ವಿಶ್ವಾಸಿ, ತಾವು ನಂಬದಿದ್ದರೂ,
ದುರಗೇಶ

ತಾ.ಕ.: ಕುಬಸಕ್ಕೆ ಮಂದಿ ನೂರು ದಾಟುವ ಲಕ್ಷಣವಿರುವುದರಿಂದ ಈ ಸಲ ತಮಗೆ ಎರಡೆರಡು ಸೊನ್ನೆ ಸಲ್ಲಿಸಬೇಕು. ಇಂದು ಬೆಳಗ್ಗೆ ನೋಟ್‌ಬುಕ್ಕಿನಲ್ಲಿ ದೇವರಿಗೆ ಎರಡು, ಮಾವನಿಗೆ ಎರಡು ಸೊನ್ನೆ ಬರೆಯುತ್ತಿದ್ದಾಗ ಅವ್ವ ಬಗ್ಗಿ ನೋಡಿ, ಇವು ಯಾಕೆ ಎಂದು ಕೇಳಿದಳು. ಸೊನ್ನೆ ಹೆಚ್ಚಿದ್ದವರು ಮುಂದೆ ಬರುತ್ತಾರೆ ಎಂದೆ. "ಹಂಗಾರ ನನ್ನ ತಮ್ಮಗ ಇನ್ನೊಂದು ಹಾಕು" ಎಂದಳು. ಹಾಕಿದರೆ ತಮ್ಮ ಲೆಕ್ಕದಲ್ಲಿ ಮಾವ ದೇವರಿಗಿಂತ ಮೊದಲು ಬರುತ್ತಾನೆಂದು ನನಗೆ ಗೊತ್ತಿತ್ತು. ಹಾಕಿದೆ.