ರೆಪ್ಪೆ ಇಲ್ಲದ ಗಿರಾಕಿಗಳು

ನಮ್ಮ ಸೋದರಮಾವನ ಅಪ್ಪಣೆಯಿಲ್ಲದೆ ಶಿಡ್ಲಘಟ್ಟದಲ್ಲಿ ಯಾರೂ ಸರಿಯಾಗಿ ಸಾಯುವಂತಿರಲಿಲ್ಲ! ಉಸಿರು ನಿಲ್ಲುವುದೇನೋ ದೇವರ ಇಚ್ಛೆ. ಆದರೆ ಮಾವ ಬಂದು, ಕ್ಯಾಮೆರಾ ಹಿಡಿದು, "ಹ್ಞೂಂ, ಆಯ್ತು" ಅನ್ನುವವರೆಗೂ ಹೆಣ ಎತ್ತುವ ಹಾಗಿರಲಿಲ್ಲ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಲ್ಲ? ಹೋದವರನ್ನು ಮನೆ ಮುಂದೆ ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಸುತ್ತ ಮಕ್ಕಳು ಮೊಮ್ಮಕ್ಕಳು ನಿಂತು ಫೋಟೋ ತೆಗೆಸಿಕೊಳ್ಳುವುದು. ಬದುಕಿದ್ದಾಗ ಸ್ಟುಡಿಯೋ ಮೆಟ್ಟಿಲು ಹತ್ತದವರಿಗೆ ಅದೇ ಮೊದಲ ಫೋಟೋ, ಅದೇ ಕೊನೆಯದು. ಮಾವ ಅಳುತ್ತಿರುವವರನ್ನೆಲ್ಲ ಎತ್ತರದ ಪ್ರಕಾರ ನಿಲ್ಲಿಸಿ, "ಅಳೋದು ಒಂದ್ನಿಮಿಷ ನಿಲ್ಸಿ. ಕಣ್ಣು ಬಿಡಿ. ಇಲ್ಲಿ ನೋಡಿ" ಎಂದು ಗದರುತ್ತಿದ್ದರು. ಎಲ್ಲರೂ ನೋಡುತ್ತಿದ್ದರು, ಕುರ್ಚಿಯಲ್ಲಿದ್ದವರೊಬ್ಬರನ್ನು ಬಿಟ್ಟು.

ಅವರ ಕಣ್ಣನ್ನು ಮಾವ ಆಮೇಲೆ ಬರೆಯುತ್ತಿದ್ದರು. ಹೌದು, ಬರೆಯುತ್ತಿದ್ದರು! ಮುಚ್ಚಿದ ಕಣ್ಣಿನ ಫೋಟೋ ಗೋಡೆಗೆ ಆಗಿಬರುವುದಿಲ್ಲವಲ್ಲ, ಅದಕ್ಕೆ ಸಣ್ಣ ಕುಂಚ ಹಿಡಿದು ರೆಪ್ಪೆಯ ಮೇಲೆ ಕಣ್ಣು ಬಿಡಿಸುತ್ತಿದ್ದರು. ನಮ್ಮೂರ ಗೋಡೆಗಳ ಮೇಲಿರುವ ಅಜ್ಜ ಅಜ್ಜಿಯರನ್ನು ಸಾಲಾಗಿ ಇಟ್ಟು ನೋಡಿದರೆ ಎಲ್ಲರೂ ಒಂದೇ ತಾಯಿಯ ಮಕ್ಕಳೇನೋ ಅನ್ನಿಸುತ್ತದೆ. ಯಾಕೆಂದರೆ ಎಲ್ಲರಿಗೂ ಒಂದೇ ಜೊತೆ ಕಣ್ಣು! ಜನ ಕೈಮುಗಿದು ಹಾರ ಹಾಕುತ್ತಿದ್ದರು. ಮಾವನಿಗೆ ಮಾತ್ರ ಆ ಕೆಲಸ ಮುಗಿದ ದಿನ ಊಟ ಸೇರುತ್ತಿರಲಿಲ್ಲ. "ನನ್ನ ಕರೆಯೋದೇ ತಡವಾಗಿ ಕಣಮ್ಮ. ಎಲ್ಲಾ ಮುಗಿದ ಮೇಲೆ ಕರೀತಾರೆ" ಎಂದು ಗೊಣಗುತ್ತಾ ಕುಂಚ ತೊಳೆಯುತ್ತಿದ್ದರು.

ಇಂಥ ಮಾವನಿಗೆ ಸಿಕ್ಕ ಹೆಂಡತಿ ನೋಡಿ, ನಮ್ಮ ಅತ್ತೆ! ಕ್ಯಾಮೆರಾ ಕಂಡರೆ ಕಣ್ಣು ಮುಚ್ಚುವ ಹೆಂಗಸು. ಮದುವೆಗೆ ಮುಂಚೆ, ಗಂಡಿನ ಕಡೆಯವರಿಗೆ ಕಳಿಸುವ ಫೋಟೋ ತೆಗೆಸಲು ಅವರಪ್ಪ ಚಿಂತಾಮಣಿಯಿಂದ ಕರೆದುಕೊಂಡು ಬಂದದ್ದು ಮಾವನ ಸ್ಟುಡಿಯೋಗೇ. ಅಲ್ಲೊಂದು ಪರದೆ ಇತ್ತು. ನೀಲಿ ಸಮುದ್ರ, ಒಂದು ತೆಂಗಿನಮರ, ಸೊಟ್ಟಗೆ ನಿಂತ ಹಡಗು. ಶಿಡ್ಲಘಟ್ಟದ ಅರ್ಧ ಜನ ಸಮುದ್ರ ನೋಡಿದ್ದು ಆ ಪರದೆಯಲ್ಲೇ. ಅತ್ತೆಯನ್ನು ಅದರ ಮುಂದೆ ನಿಲ್ಲಿಸಿ ಫ್ಲಾಶ್ ಹೊಡೆದರೆ, ಕಣ್ಣು ಮುಚ್ಚಿದೆ! ಇನ್ನೊಂದು ಹೊಡೆದರೆ, ಅದೂ ಮುಚ್ಚಿದೆ! ಮಾರನೆಯ ವಾರ ಮತ್ತೆ ಬಂದರು, ಮತ್ತೆ ಅದೇ ಕಥೆ. ಆ ಫೋಟೋ ನೋಡಿದ ಗಂಡಿನವರು, "ಹುಡುಗಿಗೆ ಕಣ್ಣು ಕಾಣುತ್ತೆ ತಾನೇ?" ಎಂದು ಕೇಳಿ ಕಳಿಸಿದರಂತೆ. ರೀಲು ದಂಡ, ಮರ್ಯಾದೆ ದಂಡ. ಕೊನೆಗೆ ಮಾವನೇ ಅವರಪ್ಪನ ಮುಂದೆ ಹೋಗಿ ನಿಂತು, "ಫೋಟೋ ಸರಿ ಬರೋವರೆಗೂ ಇವರನ್ನ ಬಿಡೋ ಹಾಗಿಲ್ಲ ಸ್ವಾಮಿ, ನನಗೇ ಕೊಟ್ಟುಬಿಡಿ" ಅಂದರಂತೆ!

ಕೊಟ್ಟರು. ಆದರೆ ಫೋಟೋ ಸರಿ ಬರಲಿಲ್ಲ. ಧಾರೆಯಲ್ಲಿ ಮುಚ್ಚಿದೆ, ಸೀಮಂತದಲ್ಲಿ ಮುಚ್ಚಿದೆ, ಮಗಳ ಮದುವೆಯ ಆಲ್ಬಮ್ಮಿನಲ್ಲಿ ಅತ್ತೆ ಉದ್ದಕ್ಕೂ ಧ್ಯಾನದಲ್ಲಿದ್ದಾರೆ. ಎಲ್ಲರೂ ನಕ್ಕೆವು. ಮಾವ ಮಾತ್ರ ನಗುತ್ತಿರಲಿಲ್ಲ. ಅವರಿಗಿದ್ದ ಭಯ ನನಗೊಮ್ಮೆ ಹೇಳಿಕೊಂಡಿದ್ದರು. "ಇವಳೇನಾದ್ರೂ ನನಗಿಂತ ಮುಂಚೆ ಹೋದ್ರೆ ಗೋಡೆಗೆ ಹಾಕೋಕೆ ಒಂದು ಫೋಟೋ ಇಲ್ಲ ಕಣಮ್ಮ. ಊರವರಿಗೆಲ್ಲ ಬರೆದ ಆ ಸುಳ್ಳು ಕಣ್ಣನ್ನ ಇವಳಿಗೂ ನಾನೇ ಬರೀಬೇಕಾಗುತ್ತೆ. ನನ್ನ ಕೈಲಾಗಲ್ಲ." ಆ ಮಾತು ಕೇಳಿದ ಮೇಲೆ ನಾನೂ ನಗುವುದು ಬಿಟ್ಟೆ.

ಕೊನೆಗೆ ಅತ್ತೆಯನ್ನು ಚಿಕ್ಕಬಳ್ಳಾಪುರದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ನೋಡಿ, ಕಣ್ಣು ಚೆನ್ನಾಗಿದೆ, ಬೆಳಕಿಗೆ ಹೆದರುತ್ತಾರೆ ಅಷ್ಟೇ ಅಂದರು. "ಮುಖಕ್ಕೆ ಮಿಂಚು ಹೊಡೆದ್ರೆ ಕಣ್ಣು ಮುಚ್ಚೋದು ನನ್ನ ತಪ್ಪಾ?" ಎಂದು ಅತ್ತೆ ಅಲ್ಲೇ ಜಗಳಕ್ಕೆ ನಿಂತರು. ಮಾವ ಮಾತ್ರ ಇದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಹೊರಗೆ ರೋಗಿಗಳು ಕಾಯುವ ಜಾಗದಲ್ಲಿದ್ದ ಟೀವಿಯಲ್ಲಿ, ಸದ್ದಿಲ್ಲದೆ ಸಮುದ್ರದೊಳಗಿನ ಚಿತ್ರ ಓಡುತ್ತಿತ್ತು. ಬಣ್ಣಬಣ್ಣದ ಮೀನುಗಳು ಕ್ಯಾಮೆರಾ ಮುಂದೆಯೇ ಬಂದು ನಿಲ್ಲುತ್ತಿದ್ದವು, ಕಣ್ಣು ಪಿಳುಕಿಸದೆ! ಮಾವ ಬಾಗಿಲಿಂದಲೇ ಕೂಗಿದರು, "ಲೇ, ಬಾ ಇಲ್ಲಿ! ಮೀನಿಗೆ ರೆಪ್ಪೆನೇ ಇಲ್ಲ ಕಣೇ! ಫೋಟೋಗ್ರಾಫರಿಗೇ ಅಂತ ದೇವರು ಮಾಡಿರೋ ಗಿರಾಕಿಗಳು!"

ಅವತ್ತಿನಿಂದ ಹಿಡಿಯಿತು ಸಮುದ್ರದ ಹುಚ್ಚು. ಎಲ್ಲರ ಕೈಯಲ್ಲೂ ಫೋನು ಬಂದು ಸ್ಟುಡಿಯೋದಲ್ಲಿ ನೊಣ ಹೊಡೆಯುವ ಕಾಲ. ಸಮುದ್ರದ ಪರದೆಯ ಮುಂದೆ ಒಬ್ಬರೇ ಕುಳಿತು, ನೀರೊಳಗೆ ಫೋಟೋ ತೆಗೆಯುವುದನ್ನು ಫೋನಿನಲ್ಲಿ ನೋಡಿ ನೋಡಿ ಕಲಿತರು. ನೀರು ಹೋಗದ ಪೆಟ್ಟಿಗೆಯ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಒಂದನ್ನು ಎಲ್ಲಿಂದಲೋ ತಂದರು. ಆಮೇಲೆ ರೇಷ್ಮೆಗೂಡಿನ ಮಾರ್ಕೆಟ್ಟಿನ ಪಕ್ಕದ ಟೀ ಅಂಗಡಿಯಲ್ಲಿ ಉಪನ್ಯಾಸ ಶುರು. "ಈಗ ನೀನು ಎಳೆದ್ಯಲ್ಲ ಉಸಿರು, ಅದರಲ್ಲಿ ಅರ್ಧ ಸಮುದ್ರದ್ದು. ಅಲ್ಲಿರೋ ಕಣ್ಣಿಗೆ ಕಾಣದ ಪಾಚಿ ಕೊಟ್ಟಿದ್ದು. ನಿನ್ನ ತೋಟಕ್ಕೆ ಬೀಳೋ ಮಳೆ ಅಲ್ಲಿಂದ ಎದ್ದಿದ್ದು."

ನೂಲು ತೆಗೆಯುವ ರೀಲರ್ ಒಬ್ಬ ಟೀ ಲೋಟ ಕೆಳಗಿಟ್ಟ. "ಏಮಿ ಸಾಮಿ, ಗೂಡಿನ ರೇಟ್ ಮಾತಾಡೋ ಜಾಗದಲ್ಲಿ ಸಮುದ್ರ ತಂದ್ರಿ! ನಮ್ಮ ಬೋರಲ್ಲಿ ನೀರೇ ಬರ್ತಿಲ್ಲ."

"ಅಂದ್ರೆ ಅಲ್ಲೇನೋ ಕೆಟ್ಟಿದೆ ಅಂತ ತಾನೇ!" ಮಾವ ಮೇಜು ಗುದ್ದಿದರು.

ಆ ವರ್ಷ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು, ನಮ್ಮ ಕಡೆ ದಿನಗಟ್ಟಲೆ ಜಿಟಿಜಿಟಿ ಮಳೆ. ಬಿಸಿಲಿಲ್ಲ, ಬಟ್ಟೆ ಒಣಗುವುದಿಲ್ಲ, ಯಾರ ಮುಖದಲ್ಲೂ ಗೆಲುವಿಲ್ಲ. ಒದ್ದೆ ಹಿಪ್ಪುನೇರಳೆ ಸೊಪ್ಪು ತಿಂದು ಹುಳುಗಳಿಗೆ ರೋಗ ಬಂತು. ತಟ್ಟೆ ತಟ್ಟೆ ಹುಳುವನ್ನು ತಿಪ್ಪೆಗೆ ಸುರಿದರು. ಬೇಯಿಸಲು ಗೂಡಿಲ್ಲದೆ ಒಲೆ ಆರಿಸಿದ ಅದೇ ರೀಲರ್ ಒಂದು ಸಂಜೆ ಛತ್ರಿ ಹಿಡಿದು ಸ್ಟುಡಿಯೋ ಬಾಗಿಲಿಗೆ ಬಂದ. "ಸಾಮಿ, ನಿಮ್ಮ ಸಮುದ್ರಕ್ಕೆ ನೀವಾದ್ರೂ ಸ್ವಲ್ಪ ಹೇಳಿ. ಸಾಕು ಅನ್ನಿ." ಊರಿನ ಮಟ್ಟಿಗೆ ಸಮುದ್ರದ ಜವಾಬ್ದಾರಿ ಮಾವನ ತಲೆಗೇ ಬಂದಿತ್ತು.

ಆ ಮಳೆಗೆ ಕೆಂಚಾರ್ಲಹಳ್ಳಿಯ ನಮ್ಮ ನೆಂಟರ ತೋಟದ ಹಳೇ ಬಾವಿ ತುಂಬಿತು. ಮಾವ ಸಣ್ಣವರಿದ್ದಾಗ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತ ಬಾವಿ ಅದು. ಸಮುದ್ರಕ್ಕೆ ಹೋಗುವ ಮುನ್ನ ಅಭ್ಯಾಸ ಬೇಡವೇ? ಒಬ್ಬರೇ ಹೋದರು. ಶರಟು, ಪಂಚೆ ಮಡಿಸಿ ಕಟ್ಟೆಯ ಮೇಲಿಟ್ಟರು, ಪಕ್ಕದಲ್ಲಿ ಕನ್ನಡಕ, ಕೆಳಗೆ ಚಪ್ಪಲಿ. ಕ್ಯಾಮೆರಾ ಹಿಡಿದು ಮುಳುಗಿದರು, ಉಸಿರು ಬೇಕಾದಾಗ ಮಾತ್ರ ಕಲ್ಲಿನ ಮರೆಯಲ್ಲಿ ಮೂಗು ಮೇಲೆತ್ತಿ ಮತ್ತೆ ಮುಳುಗುತ್ತಿದ್ದರು. ಬಾವಿಯೊಳಗಿನ ಜಿಲೇಬಿ ಮೀನಿಗೆ ಪಾಸ್‌ಪೋರ್ಟ್ ಸೈಜ್ ಫೋಟೋ!

ಸೊಪ್ಪು ಕೀಳಲು ಬಂದ ಹೆಂಗಸೊಬ್ಬಳಿಗೆ ಕಂಡದ್ದು ಮಡಿಸಿಟ್ಟ ಬಟ್ಟೆ, ಚಪ್ಪಲಿ, ನೀರಿನ ಮೇಲೆ ನಾಲ್ಕು ಗುಳ್ಳೆ. "ಅಯ್ಯೋ, ಯಾರೋ ಬಾವಿಗೆ ಬಿದ್ರಪ್ಪೋ!" ಎಂದು ಕಿರುಚಿದಳು. ಊರೇ ನೆರೆಯಿತು. ಹಗ್ಗ ತನ್ನಿ, ಗಾಳ ತನ್ನಿ, ಪೊಲೀಸರಿಗೆ ಹೇಳಿ ಎಂದು ಗದ್ದಲ. ತಿಳಿದವರೊಬ್ಬರು, "ಹೆಂಗಿದ್ರೂ ಫೋಟೋ ಬೇಕಾಗುತ್ತೆ, ಫೋಟೋದವರಿಗೆ ಮೊದಲು ಫೋನ್ ಮಾಡ್ರಪ್ಪ" ಅಂದರು. ಮಾಡಿದರು. ಕಟ್ಟೆಯ ಮೇಲೆ ಮಡಿಸಿಟ್ಟ ಶರಟಿನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು! ಜನ ಬೆಚ್ಚಿ ಹಿಂದೆ ಸರಿಯುವುದಕ್ಕೂ, ಮಾವ ಬುಳಕ್ಕನೆ ಮೇಲೆ ಬರುವುದಕ್ಕೂ ಸರಿಹೋಯಿತು. "ಸ್ವಲ್ಪ ಸುಮ್ನಿರ್ರೀ! ಗದ್ದಲಕ್ಕೆ ಮೀನು ಓಡ್ಹೋಯ್ತು!"

ಈ ಸುದ್ದಿ ಕೇಳಿ ಅತ್ತೆ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ, "ಸಾಯೋದಾದ್ರೆ ದೊಡ್ಡ ನೀರಲ್ಲೇ ಸಾಯಿರಿ. ನಾನೂ ಬರ್ತೀನಿ, ಮುರ್ಡೇಶ್ವರದ ದೇವರನ್ನಾದ್ರೂ ನೋಡ್ದಂಗಾಗುತ್ತೆ" ಅಂದರು. ಹಾಗೆ ನಾವು ಮೂವರು ಹೊರಟದ್ದು, ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪಕ್ಕೆ. ಮಾವನಿಗೆ ಅಲ್ಲಿ ಕಡಲಾಮೆಯ ಫೋಟೋ ಬೇಕಿತ್ತು. "ಹೆಣ ಆದಮೇಲೆ ಫೋಟೋ ತೆಗೆದೂ ತೆಗೆದೂ ಸಾಕಾಗಿದೆ ಕಣಮ್ಮ. ಸಮುದ್ರವೂ ಸಾಯ್ತಾ ಇದೆಯಂತೆ. ಇದೊಂದಕ್ಕಾದ್ರೂ ಮೊದಲೇ ಹೋಗ್ತೀನಿ."

ದೋಣಿ ಹೊರಟ ಸ್ವಲ್ಪ ಹೊತ್ತಿಗೇ ನಾನು ಹೊಟ್ಟೆಯೊಳಗಿದ್ದುದನ್ನೆಲ್ಲ ಸಮುದ್ರಕ್ಕೆ ಅರ್ಪಿಸಿ ಮೂಲೆ ಹಿಡಿದೆ. ಮಾವ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ದೋಣಿಯ ಹುಡುಗನ ಜೊತೆ ಇಳಿದರು. ಅತ್ತೆ ಕೂತಲ್ಲೇ ಚಡಪಡಿಸಿದರು. "ಇಷ್ಟು ದೂರ ಬಂದು, ಈ ಮನುಷ್ಯನ ತಲೆ ಕೆಡಿಸಿರೋದು ಏನು ಅಂತ ನೋಡದೇ ಹೋಗ್ಲಾ?" ಅವತ್ತು ಜೀವಮಾನದಲ್ಲೇ ಮೊದಲ ಸಲ ಸೀರೆ ಬಿಟ್ಟು ನನ್ನ ಚೂಡಿದಾರ ತೊಟ್ಟಿದ್ದರು. ಅದರ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್, ಮೂಗು ಮುಚ್ಚುವ ಗಾಜಿನ ಕನ್ನಡಕ, ಬಾಯಿಗೆ ಉಸಿರಾಡುವ ಕೊಳವೆ. ತೇಲುವ ಟ್ಯೂಬು ಹಿಡಿದು ನೀರಿಗಿಳಿದು ಮುಖ ಇಟ್ಟವರು ಎತ್ತಲೇ ಇಲ್ಲ! ನನಗೆ ಗಾಬರಿಯಾಗಿ, "ಅತ್ತೆ, ಸಾಕು ಬನ್ನಿ" ಎಂದು ಕೂಗಿದೆ. ಒಂದು ಕೈ ಮೇಲೆತ್ತಿ 'ಸುಮ್ನಿರು' ಎಂದು ಸನ್ನೆ ಮಾಡಿದರು.

ಮೇಲೆ ಬಂದ ಮಾವನ ಮುಖ ನೋಡಿ ನಾನು ಹೆದರಿದೆ. ಸಾವಿನ ಮನೆಯಿಂದ ಬಂದಾಗಿನ ಮುಖ. ಕ್ಯಾಮೆರಾದಲ್ಲಿ ಒಂದಷ್ಟು ಮೀನು ತೋರಿಸಿದರು, ಎಲ್ಲವೂ ನೆಟ್ಟಗೆ ನಿಂತು ಆಧಾರ್ ಕಾರ್ಡಿಗೆ ಫೋಟೋ ತೆಗೆಸಿಕೊಂಡ ಹಾಗಿದ್ದವು. ಆಮೇಲೆ ಹವಳದ ಬಂಡೆ. ಬಣ್ಣವೆಲ್ಲ ಹೋಗಿ ಸುಣ್ಣದಂತೆ ಬಿಳಿಚಿಕೊಂಡಿತ್ತು. ಅದರ ಸಂದಿಯಲ್ಲಿ ಒಂದು ಶ್ಯಾಂಪೂ ಪೊಟ್ಟಣ, ನಮ್ಮ ಬೀದಿಯ ಅಂಗಡಿಯಲ್ಲಿ ನೇತು ಹಾಕಿರುತ್ತಾರಲ್ಲ, ಅದೇ. "ನೀರು ಬಿಸಿಯಾಗಿ ಹಿಂಗಾಗುತ್ತಂತೆ. ಇಲ್ಲಿಗೂ ತಡವಾಗೇ ಬಂದೆ ಕಣಮ್ಮ" ಅಂದರು.

"ಆಮೆ ಸಿಗ್ಲಿಲ್ವಾ ಮಾವ?"

"ಇಲ್ಲ."

ದೋಣಿಯ ಹುಡುಗ ಬಾಯಿ ಹಾಕಿದ. "ನಿಮ್ಮ ಪಕ್ಕದಲ್ಲೇ ಹೋಯ್ತಲ್ಲ ಮಾರಾಯ್ರೆ! ನೀವು ಕ್ಯಾಮೆರಾ ಬೇರೆ ಕಡೆ ತಿರುಗಿಸಿದ್ರಿ!"

"ಕನ್ನಡಕದೊಳಗೆ ನೀರು ಹೋಗಿತ್ತು" ಎಂದು ಮಾವ ಬೇರೆ ಕಡೆ ತಿರುಗಿದರು. ಊರಿಗೆ ಬಂದ ಮೇಲೆ ಟೀ ಅಂಗಡಿಯಲ್ಲಿ ಆಮೆಯ ವಿಷಯಕ್ಕೆ ಆದ ಗೇಲಿ ಅಷ್ಟಿಷ್ಟಲ್ಲ. ಮಾವ ಎಲ್ಲವನ್ನೂ ನುಂಗಿಕೊಂಡರು. ಬಿಳಿಚಿದ ಹವಳದ ಫೋಟೋವನ್ನು ದೊಡ್ಡದು ಮಾಡಿಸಿ ಗೌರಿಬಿದನೂರು, ತೊಂಡೇಬಾವಿಯ ಶಾಲೆಗಳಿಗೆಲ್ಲ ಹೊತ್ತುಕೊಂಡು ಹೋಗಿ, "ಇದು ನಿಮ್ಮ ಮಳೆಯ ತಾಯಿ ಕಣ್ರಪ್ಪ, ಕಾಯಿಲೆ ಬಿದ್ದಿದ್ದಾಳೆ" ಎಂದು ಮಕ್ಕಳಿಗೆ ಹೇಳುತ್ತಿದ್ದರು. ಕೆಲವು ಮಕ್ಕಳು ಅತ್ತೇಬಿಟ್ಟವಂತೆ.

ಮುಂದಿನ ಮಳೆಗಾಲದಲ್ಲಿ ಅತ್ತೆ ಹೋದರು. ಬೆಳಿಗ್ಗೆ ಎದೆನೋವು ಅಂದರು, ಆಸ್ಪತ್ರೆಯ ಬಾಗಿಲು ತಲುಪುವುದರೊಳಗೆ ಮುಗಿದಿತ್ತು. ಮನೆ ಮುಂದೆ ಕುರ್ಚಿ ಹಾಕಿದರು. ಅತ್ತೆಯನ್ನು ಕೂರಿಸಿದರು. ಅಭ್ಯಾಸಬಲದಿಂದ ಎಲ್ಲರೂ ಎತ್ತರದ ಪ್ರಕಾರ ನಿಂತು ಮಾವನ ಕಡೆ ನೋಡಿದರು. ಮಾವ ಕ್ಯಾಮೆರಾ ಮುಟ್ಟಲಿಲ್ಲ. ಬೇರೆ ಫೋಟೋದವರು ಬಂದರೆ ಅವರನ್ನೂ ವಾಪಸ್ ಕಳಿಸಿದರು. ಗೋಡೆಗೆ ಏನು ಹಾಕುವುದು ಎಂಬ ಮಾತು ಬಂತು. ಇದ್ದ ಆಲ್ಬಮ್ಮುಗಳನ್ನೆಲ್ಲ ತಿರುವಿದೆವು. ಒಂದರಲ್ಲೂ ಕಣ್ಣಿಲ್ಲ. "ಈಗ ಕಂಪ್ಯೂಟರಿನಲ್ಲೇ ಕಣ್ಣು ಬಿಡಿಸ್ತಾರೆ ಮಾವ" ಎಂದು ಮೆಲ್ಲಗೆ ಹೇಳಿದೆ. "ಅದು ಯಾರ ಕಣ್ಣೋ! ಬೇಡ" ಅಂದರು. ಅವರು ಯಾವುದಕ್ಕೆ ಹೆದರುತ್ತಿದ್ದರೋ ಅದೇ ಆಗಿತ್ತಲ್ಲ ಎಂದು ನನಗೆ ಸಂಕಟವಾಯಿತು.

ತಿಥಿಯ ದಿನ ಮಾವ ಪೇಪರಿನಲ್ಲಿ ಸುತ್ತಿದ ಫ್ರೇಮು ತಂದು ಗೋಡೆಗೆ ಒರಗಿಸಿ ಬಿಚ್ಚಿದರು. ಮನೆಯಲ್ಲಿದ್ದವರೆಲ್ಲ ಬಾಯಿ ತೆರೆದು ನಿಂತರು. ಸುತ್ತ ನೀಲಿ ನೀರು. ಕಿತ್ತಳೆ ಜಾಕೆಟ್ಟು, ಬಾಯಲ್ಲಿ ಕೊಳವೆ, ಗಾಜಿನ ಕನ್ನಡಕ. ಅದರೊಳಗೆ ಅತ್ತೆಯ ಎರಡು ಕಣ್ಣು, ಅಷ್ಟಗಲ ಬಿಟ್ಟುಕೊಂಡು, ಹಬ್ಬದ ಬೆಳಿಗ್ಗೆಯ ಮಗುವಿನ ಕಣ್ಣಿನ ಹಾಗೆ! "ಇದೇನಪ್ಪ ಈ ವೇಷ? ತಿಥಿಗೆ ಇಂಥ ಫೋಟೋ ಇಡ್ತಾರಾ?" ಎಂದು ದೊಡ್ಡಮ್ಮ ಕೆನ್ನೆ ಬಡಿದುಕೊಂಡರು. ಪೂಜೆಯವರು ಕುಂಕುಮ ಹಿಡಿದು, ಎಲ್ಲಿ ಇಡುವುದು ಎಂದು ತಡಕಾಡಿದರು.

"ಎಲ್ಲಾದ್ರೂ ಇಡಿ ಸ್ವಾಮಿ. ಆ ಗಾಜಿನ ಮೇಲೆ ಮಾತ್ರ ಬೇಡ" ಅಂದರು ಮಾವ.

ಎಲ್ಲರೂ ಊಟಕ್ಕೆ ಕುಳಿತ ಮೇಲೆ ನಾನು ಫೋಟೋ ಹತ್ತಿರ ಹೋಗಿ ನೋಡಿದೆ. ಕೆಳಗಿನ ಮೂಲೆಯಲ್ಲಿ, ಮಸುಕಾಗಿ, ಕಂದು ಬಣ್ಣದ ಈಜುರೆಕ್ಕೆಯೊಂದು ಫೋಟೋದಿಂದ ಆಚೆ ಹೋಗುತ್ತಿತ್ತು. ಆಮೆ! ಮಾವ ಹಿಂದೆ ಬಂದು ನಿಂತಿದ್ದರು.

"ಎದುರಿಗೇ ಬಂತು ಕಣಮ್ಮ. ಫೋಕಸ್ ಕೂಡ ಮಾಡಿದ್ದೆ. ಮೇಲೆ ಏನೋ ಅಲ್ಲಾಡಿತು ಅಂತ ತಲೆ ಎತ್ತಿದ್ರೆ ಇವಳು ನೋಡ್ತಾ ಇದ್ಲು. ಆ ಆಮೆನೇ ನೋಡ್ತಾ ಇದ್ಲು. ಫ್ಲಾಶ್ ಹೊಡೀತು, ರೆಪ್ಪೆ ಅಲ್ಲಾಡಲಿಲ್ಲ. ಹೆದರೋದೇ ಮರೆತುಹೋಗಿತ್ತು ಅವಳಿಗೆ."

"ನಮಗ್ಯಾಕೆ ತೋರಿಸಲಿಲ್ಲ ಮಾವ?"

"'ಥೂ, ಭೂತದ ಥರ ಇದ್ದೀನಿ, ಯಾರಿಗೂ ತೋರಿಸಬೇಡಿ' ಅಂದ್ಲು. ಮಾತು ಕೊಟ್ಟಿದ್ದೆ."

ನನಗೆ ಅಳು ತಡೆಯಲಾಗಲಿಲ್ಲ. ಮಾವ ಫೋಟೋದ ಪಕ್ಕ ನಿಂತು ಹೆಗಲ ಮೇಲಿನ ಟವೆಲು ಸರಿ ಮಾಡಿಕೊಂಡು, "ನಮ್ಮಿಬ್ಬರದೂ ಒಂದು ತೆಗಿ" ಅಂದರು. ನಾನು ಫೋನಿನಲ್ಲಿ ತೆಗೆದೆ. ನೋಡಿದರೆ, ಊರವರಿಗೆಲ್ಲ ಕಣ್ಣು ಬಿಡಿ ಕಣ್ಣು ಬಿಡಿ ಎಂದು ಗದರಿದ ಮನುಷ್ಯ ತಾನೇ ಕಣ್ಣು ಮುಚ್ಚಿಕೊಂಡಿದ್ದರು!

"ಮಾವ, ಕಣ್ಣು ಮುಚ್ಚಿಬಿಟ್ರಿ. ಇನ್ನೊಂದು ತೆಗೀಲಾ?"

ಮಾವ ಫೋನು ಇಸಿದುಕೊಂಡು ಬಹಳ ಹೊತ್ತು ನೋಡಿದರು.

"ಬೇಡಮ್ಮ, ಇರಲಿ. ಇಷ್ಟು ವರ್ಷ ಅವಳು ಮುಚ್ಕೊಂಡಿದ್ಲು, ನಾನು ನೋಡ್ತಾ ಇದ್ದೆ. ಇನ್ಮೇಲೆ ಅವಳು ನೋಡ್ತಾ ಇರಲಿ."