ಹಾಯಿ ಹಲಗೆಯ ಮೇಲಿಂದ ಬೀಗರ ಸ್ವಾಗತ

ಗಾಳಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ವರ್ಷವರ್ಷವೂ ಕಣದಲ್ಲಿ ನಿಂತು ರಾಗಿ ತೂರಿದವನು ನಾನು. ಎಲೆ ಅಲ್ಲಾಡುವ ಮೊದಲೇ ಗಾಳಿ ಯಾವ ಕಡೆಯಿಂದ ಬರುತ್ತದೆಂದು ಹೇಳಬಲ್ಲೆ. ಹೀಗಿರುವಾಗ, ಹಿನ್ನೀರಿನಲ್ಲಿ ಪ್ರವಾಸಿಗರಿಗೆ ದೋಣಿ ಆಡಿಸುವ ಭಾವಮೈದ ಸೋಮು ಒಂದು ಹಳೆಯ ಹಾಯಿ ಹಲಗೆಯನ್ನು, ಅದೇ ಪೇಟೆಯವರು ಹಾಯಿ ಹಿಡಿದು ನಿಂತು ತೇಲುವ ವಿಂಡ್‌ಸರ್ಫ್ ಬೋರ್ಡನ್ನು, ನಮ್ಮೂರ ದಡಕ್ಕೆ ತಂದರೆ ಕೈಕಟ್ಟಿ ಕೂರಲಾದೀತೇ?

ದಿನ ಮಾತ್ರ ಸರಿ ಇರಲಿಲ್ಲ. ಅಂದು ಮಿರ್ಲೆಯಿಂದ ಬೀಗರು ಬರುವವರಿದ್ದರು. ಮಗಳ ಮದುವೆಯ ದಿನ ಛತ್ರದ ಬಾಗಿಲಲ್ಲಿ ಕಾಲಿಗೆ ನೀರು ಕೊಡಲು ನಮ್ಮ ಕಡೆಯವರು ಒಬ್ಬರೂ ಇರಲಿಲ್ಲವೆಂದು ಅವರು ಮುನಿಸಿಕೊಂಡಿದ್ದು ಇನ್ನೂ ಆರಿರಲಿಲ್ಲ.

"ಏನ್ರೀ, ಈ ಸಲನೂ ಅಂಗೇ ಆದ್ರೆ ನಮ್ ಮಗಳು ಆ ಮನೇಲಿ ತಲೆ ಎತ್ಕಂಡು ತಿರುಗಂಗಿಲ್ಲ. ಚೊಂಬು ಇಡ್ಕಂಡು ಬಾಗ್ಲಲ್ಲೇ ನಿಂತಿರ್ಬೇಕು ನೀವು!" ಎಂದಳು ಹೆಂಡತಿ ರತ್ನ.

"ಅವ್ರು ಬರೋದು ಮಧ್ಯಾಹ್ನ ಕಣೇ. ಒಂದು ಸುತ್ತು ಓಗಿ ಬತ್ತೀನಿ, ಬುಡು."

ದಡದಲ್ಲಿ ಸೋಮು ನನಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಿಗಿದು ಉಪದೇಶ ಶುರು ಮಾಡಿದ. "ಭಾವ, ಗಾಳಿ ಒಳಕ್ಕೆ ಎಳ್ಕಂಡೋದ್ರೆ ಹಾಯಿ ಸುತ್ತಿ ಹಲಗೆ ಮ್ಯಾಲೆ ಹಾಕ್ಕಳಿ. ಅದ್ರ ಮ್ಯಾಲೆ ಬೋರಲು ಮಲ್ಕಂಡು ಕೈಲಿ ನೀರು ಎಳ್ಕಂಡು ಬನ್ನಿ. ಈಜಕ್ಕೆ ಮಾತ್ರ ಓಗ್ಬ್ಯಾಡಿ, ಹಲಗೆ ಬುಡ್ಬ್ಯಾಡಿ."

"ಬೋರಲು ಮಲ್ಕಳಕ್ಕೆ ನಾನೇನು ಮೊಸಳೆಯೇನ್ಲಾ?"

ಅಷ್ಟರಲ್ಲಿ ಅಕ್ಕ ರತ್ನ ಕೋಳಿ ತರಲು ಕೂಗಿದಳೆಂದು ಅವನು ಹೊರಟ. ತಾನು ಬರುವ ತನಕ ನೀರಿಗಿಳಿಯಬೇಡಿ ಎಂದೂ ಹೇಳಿದ. ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಹೇಳಿದ್ದಾರೆ. ಭಾವಮೈದ ಬಂದಾಗ ತೂರಿಕೋ ಎಂದು ಯಾರೂ ಹೇಳಿಲ್ಲ. ಲುಂಗಿ, ಮೊಬೈಲು ದಡದ ಕಲ್ಲಿನ ಮೇಲಿಟ್ಟು, ಚಡ್ಡಿಯಲ್ಲಿ ಹಲಗೆ ಹತ್ತಿದೆ.

ನಾಲ್ಕು ಸಲ ಬಿದ್ದೆ. ಐದನೆಯ ಸಲ ಹಾಯಿ ಎದ್ದು ನಿಂತಿತು. ಹೊರಟೆ ನೋಡಿ! ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡಿದರು. ನಾನು ಎದೆಯುಬ್ಬಿಸಿದೆ. ತಿರುಗಿ ನೋಡುವಷ್ಟರಲ್ಲಿ ಆ ಹೆಂಗಸರು ಹುಣಿಸೆ ಬೀಜದಷ್ಟಾಗಿದ್ದರು.

ಆಗ ಒಂದು ಸಂಗತಿ ಹೊಳೆಯಿತು. ಕಣದಲ್ಲಿ ಹೊಟ್ಟು ಹಾರಿಹೋಗುತ್ತದೆ, ಯಾರೂ ಅದನ್ನು ವಾಪಸು ಕರೆಯುವುದಿಲ್ಲ. ಇಲ್ಲಿ ಹೊಟ್ಟು ನಾನೇ!

ಹಾಯಿ ಎಳೆದೆ, ತಳ್ಳಿದೆ, ಬೈದೆ. ಹಲಗೆ ಇನ್ನೂ ಒಳಕ್ಕೇ ಹೋಯಿತು. ದೂರದ ರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಒಂದು ಬಿಳಿ ಕಾರು ನಮ್ಮೂರ ಕಡೆ ತಿರುಗಿತು. ಬೀಗರ ಕಾರೂ ಬಿಳಿಯೇ! ಇದ್ದಬದ್ದ ಉಸಿರೆಲ್ಲ ಕೂಡಿಸಿ ಕೂಗಿದೆ.

"ಹೋ! ಹೋಹೋ! ಹೋ!"

ಅದೇ ನಾನು ಮಾಡಿದ ಘನಂದಾರಿ ತಪ್ಪು. ಕಾಡಂಚಿನ ನಮ್ಮ ಕಡೆ ಹಿನ್ನೀರಿನಿಂದ ಹಾಗೆ ಕೂಗು ಬಂದರೆ ಅದಕ್ಕೆ ಒಂದೇ ಅರ್ಥ.

"ಆನೆ ಬಂತು ಕಣ್ರವ್ವಾ!"

ಹೆಂಗಸರು ಬಟ್ಟೆ ಬಿಟ್ಟು ಓಡಿದರು. ಆಡು ಮೇಯಿಸುವವನು ಆಡಿಗಿಂತ ಮುಂದೆ ಓಡಿದ. ಊರಲ್ಲಿ ತಟ್ಟೆ ಬಡಿದರು, ಪಟಾಕಿ ಹೊಡೆದರು. ನಾನು ಕೂಗಿದಷ್ಟೂ ಪಟಾಕಿ ಜಾಸ್ತಿಯಾಯಿತು. ದಡದಲ್ಲಿ ಒಂದು ನರಪಿಳ್ಳೆಯೂ ಉಳಿಯಲಿಲ್ಲ. ನನಗೆ ನಿಜವಾಗಿಯೂ ಭಯವಾಯಿತು, ಕಣ್ಣಲ್ಲಿ ನೀರೂ ಬಂತು.

ಕೊನೆಗೆ ಸೋಮುವಿನ ಮಾತು ನೆನಪಾಯಿತು. ಹಾಯಿ ಸುತ್ತಿದೆ. ಹಲಗೆ ಮೇಲೆ ಹಾಕಿದೆ. ಮರ್ಯಾದೆಯನ್ನು ನೀರಿಗೆ ಬಿಟ್ಟು ಬೋರಲು ಮಲಗಿದೆ. ಎರಡೂ ಕೈಯಲ್ಲಿ ನೀರು ಎಳೆದೆ, ಎಳೆದೆ, ತೋಳು ಬಿದ್ದುಹೋಗುವಂತೆ ಎಳೆದೆ. ಬಹಳ ಹೊತ್ತಾದ ಮೇಲೆ ಗಾಳಿಯೂ ಪಾಪವೆಂದು ಸ್ವಲ್ಪ ಇಳಿಯಿತು. ದಡದ ಕೆಸರು ಹಲಗೆಗೆ ತಾಕಿದಾಗ ತಲೆ ಎತ್ತುವ ಶಕ್ತಿಯೂ ಇರಲಿಲ್ಲ.

"ಅಯ್ಯಯ್ಯೋ, ಮೊಸಳೆ!"

ಆ ದನಿ ನನಗೆ ಗೊತ್ತಿತ್ತು. ಬೀಗಿತ್ತಿಯದು! ನಡೆದದ್ದಿಷ್ಟು: ಬೀಗರು ಊರಿಗೆ ಬಂದಾಗ ಒಂದು ಬಾಗಿಲೂ ತೆರೆದಿರಲಿಲ್ಲ. ಆನೆಗೆ ಹೆದರಿ ರತ್ನಳೂ ಅಗಣಿ ಹಾಕಿಕೊಂಡಿದ್ದಳು. ಕೋಳಿ ತರಲು ಹೋದ ಸೋಮು ಇನ್ನೂ ಬಂದಿರಲಿಲ್ಲ. ಆನೆಯನ್ನೇ ಕಾಣದ ಮಿರ್ಲೆಯ ನಾಲೆ ಬಯಲಿನವರಿಗೆ ಪಟಾಕಿಯ ಅರ್ಥ ಏನು ಗೊತ್ತು? ಜಾತ್ರೆಯಿರಬೇಕೆಂದು ಜನ ಹುಡುಕಿಕೊಂಡು ದಡಕ್ಕೇ ಬಂದಿದ್ದರು.

ಬೀಗರು ಕಲ್ಲೆತ್ತಿದರು. ಕಿತ್ತಳೆ ಜಾಕೆಟ್ಟಿನ ಮೊಸಳೆ ಇರುವುದಿಲ್ಲವೆಂದು ಹೊಳೆದು ಕೆಳಗಿಟ್ಟರು.

"ಬೀಗ್ರೇ... ನೀವಾ?"

"ಬನ್ನಿ ಬೀಗ್ರೇ, ಬನ್ನಿ. ಈಗ ಬಂದ್ರಾ? ಪ್ರಯಾಣ ಚೆನ್ನಾಗಾಯ್ತಾ?" ಎಂದೆ, ಮಲಗಿದಲ್ಲಿಂದಲೇ.

ಅವರೇ ನನ್ನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದರು, ಮನೆವರೆಗೂ ನಡೆಸಿಕೊಂಡು ಬಂದರು. ರತ್ನ ಬಾಗಿಲು ತೆರೆದು, ಚಡ್ಡಿಯಲ್ಲಿದ್ದ ನನ್ನನ್ನು ನೋಡಿ ಹಣೆ ಬಡಿದುಕೊಂಡಳು. ಆದರೂ ತುಂಬಿದ ಚೊಂಬು ತಂದು ನನ್ನ ಕೈಗಿಟ್ಟಳು. ಮಗಳ ಮಾನ ಆ ಚೊಂಬಿನಲ್ಲಿತ್ತು. ನೀರೆಳೆದು ಸೋತ ನನ್ನ ತೋಳು ಮಾತ್ರ ಮೇಲೇಳದೆ ಅರ್ಧ ನೀರು ಅಂಗಳಕ್ಕೆ ಚೆಲ್ಲಿತು.

ಬೀಗರು ಚೊಂಬು ಕಿತ್ತುಕೊಂಡರು. ಮತ್ತೆ ಮುನಿದರು ಎಂದುಕೊಂಡೆ. ಮೊಣಕಾಲವರೆಗೆ ಕೆಸರು ಮೆತ್ತಿದ್ದ ನನ್ನನ್ನು ಅವರು ಮೇಲಿಂದ ಕೆಳಗೆ ನೋಡಿದರು. ನಕ್ಕರು.

"ಕಾಲು ನೀಡಿ ಬೀಗ್ರೇ. ದೂರದಿಂದ ಬಂದಿರೋರು ನೀವು" ಎಂದು ನೀರು ಹುಯ್ದರು.

ನಮ್ಮ ಮನೆ ಬಾಗಿಲಲ್ಲಿ, ನಮ್ಮದೇ ಚೊಂಬಿನಲ್ಲಿ, ನಾನು ಕಾಲು ತೊಳೆಸಿಕೊಂಡು ಒಳಗೆ ಹೋದೆ!